ಉಡುಪಿ–ಮಲ್ಪೆಯಲ್ಲಿ ಊಟ: ಗಡಿಯಾರ ನೋಡಿ, ಪಂಚಾಂಗವನ್ನೂ ನೋಡಿ

ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ನಮ್ಮ ಅತ್ತಿಗೆ ಮನೆಯವರು ಏಳು ಜನ ಉಡುಪಿಗೆ ಬಂದರು. ಕೃಷ್ಣ ಮಠದಲ್ಲೇ ಊಟ ಮಾಡೋಣ ಅಂತ ಬೆಳಗಿನ ತಿಂಡಿಯನ್ನೂ ಬಿಟ್ಟಿದ್ದರು. ದರ್ಶನ ಮುಗಿಸಿ ಭೋಜನಶಾಲೆ ಕಡೆ ಹೋದರೆ ಅಲ್ಲಿ ಊಟದ ಸುಳಿವೇ ಇಲ್ಲ. ಅವತ್ತು ಏಕಾದಶಿ. ಮರುದಿನ ಮೀನೂಟಕ್ಕೆಂದು ಮಲ್ಪೆಗೆ ಹೋದರು. ಜೂನ್ ತಿಂಗಳು, ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ಸಾಲಾಗಿ ನಿಂತಿದ್ದವು. ಅವರ ಬಾಡಿದ ಮುಖ ನೋಡಿ ನನಗೆ ನಿಜಕ್ಕೂ ಬೇಜಾರಾಯಿತು. ಮೊದಲೇ ಒಂದು ಫೋನ್ ಮಾಡಿದ್ದರೆ ಹೇಳುತ್ತಿದ್ದೆ.

ಉಡುಪಿಯಲ್ಲಿ ಎಲ್ಲಿ ತಿನ್ನೋದು ಅಂತ ಕೇಳುವ ಮೊದಲು ಯಾವಾಗ ಅಂತ ಕೇಳಬೇಕು. ಇಲ್ಲಿ ಒಂದೊಂದು ತಿನಿಸಿಗೂ ಅದರದ್ದೇ ಹೊತ್ತು ಇದೆ, ಅದರದ್ದೇ ತಿಂಗಳು ಇದೆ. ಅದನ್ನು ಹಿಡಿದುಕೊಂಡರೆ ಜಾಗ ತಾನಾಗಿ ಗೊತ್ತಾಗುತ್ತದೆ.

ಹಂತ 1: ಟಿಕೆಟ್ ಮಾಡುವ ಮೊದಲು ದಿನ ನೋಡಿ

ಏಕಾದಶಿ ತಿಂಗಳಿಗೆ ಎರಡು ಸಲ ಬರುತ್ತದೆ. ಆ ದಿನ ಮಠದಲ್ಲಿ ಊಟ ಇರುವುದಿಲ್ಲ. ಕೃಷ್ಣಾಷ್ಟಮಿಯಂದೂ ಉಪವಾಸ. ಮರುದಿನ ವಿಟ್ಲಪಿಂಡಿಗೆ ಬಂದರೆ ಉತ್ಸವವೂ ಸಿಗುತ್ತದೆ, ಊಟವೂ ಸಿಗುತ್ತದೆ.

ಚಾತುರ್ಮಾಸ್ಯದ ನಾಲ್ಕು ತಿಂಗಳು ಮಠದ ಅಡುಗೆಯೇ ಬದಲಾಗುತ್ತದೆ. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರು ಇಲ್ಲ, ಮೂರನೆಯದರಲ್ಲಿ ಹಾಲು ಇಲ್ಲ, ನಾಲ್ಕನೆಯದರಲ್ಲಿ ಬೇಳೆಕಾಳು ಇಲ್ಲ. ಇದನ್ನು ಕೊರತೆ ಅಂದುಕೊಳ್ಳಬೇಡಿ. ತರಕಾರಿ ಇಲ್ಲದೆಯೂ ಎಷ್ಟು ರುಚಿಯಾಗಿ ಅಡುಗೆ ಮಾಡಬಹುದು ಅಂತ ನೋಡಬೇಕಾದರೆ ಅದೇ ಸರಿಯಾದ ಸಮಯ.

ಮೀನಿಗೆ ಬರುವವರು ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ನೆನಪಿಟ್ಟುಕೊಳ್ಳಿ. ಅದು ಮೀನು ಮರಿ ಮಾಡುವ ಕಾಲ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ನಾಡದೋಣಿಯವರು ತಂದ ಮೀನು ಸ್ವಲ್ಪ ಸಿಗುತ್ತದೆ, ಆದರೆ ರೇಟು ಜಾಸ್ತಿ. ಅದೇ ಮಳೆಯಲ್ಲಿ ಬಂದವರಿಗೆ ಕೆಸುವಿನ ಎಲೆಯ ಪತ್ರೊಡೆ ಸಿಗುತ್ತದೆ. ಮೀನು ಬಿಟ್ಟು ಅದನ್ನು ಹುಡುಕಿ.

ಹಂತ 2: ಬೆಳಿಗ್ಗೆ ರಥಬೀದಿಯಲ್ಲಿ ಇರಿ

ಉಡುಪಿ ಹೋಟೆಲ್ ಅಂದ ಕೂಡಲೇ ಜನಕ್ಕೆ ಚೆನ್ನೈ ನೆನಪಾಗುತ್ತದೆ, ಮುಂಬೈನ ಮಾತುಂಗಾ ನೆನಪಾಗುತ್ತದೆ. ಬೆಂಗಳೂರಿನಲ್ಲಿ 1924ರಲ್ಲಿ ಎಂಟಿಆರ್ ಶುರು ಮಾಡಿದ ಮಯ್ಯ ಸಹೋದರರೂ ಇಲ್ಲೇ ಹತ್ತಿರದ ಪಾರಂಪಳ್ಳಿಯವರು. ಆ ರುಚಿಯ ಬೇರು ಇರುವುದು ಈ ಬೀದಿಯಲ್ಲಿ. ಸುತ್ತ ಎಂಟು ಮಠ, ನಡುವೆ ರಥ, ಸಂದಿಯಲ್ಲಿ ಕಾಫಿ ವಾಸನೆ.

ರಥಬೀದಿಯ ಮಿತ್ರ ಸಮಾಜಕ್ಕೆ ಬೇಗ ಹೋಗಿ. ಹಳೆಯ ಹೋಟೆಲು, ಜಾಗ ಚಿಕ್ಕದು, ಜನ ಜಾಸ್ತಿ. ಸೀಟಿಗಾಗಿ ಬೇರೆಯವರ ಬೆನ್ನ ಹಿಂದೆ ನಿಲ್ಲಬೇಕಾಗಬಹುದು, ನಿಲ್ಲಿ. ಮೊದಲು ಬನ್ಸ್ ಹೇಳಿ. ಬೇಕರಿಯ ಬನ್ ಅಲ್ಲ ಇದು. ಚೆನ್ನಾಗಿ ಕಳಿತ ಬಾಳೆಹಣ್ಣನ್ನು ಮೈದಾ, ಮೊಸರು, ಜೀರಿಗೆ ಜೊತೆ ಕಲಸಿ, ರಾತ್ರಿಯಿಡೀ ಬಿಟ್ಟು, ಲಟ್ಟಿಸಿ ಎಣ್ಣೆಯಲ್ಲಿ ಕರಿದದ್ದು. ಬಿಸಿ ಇರುವಾಗ ಬೆರಳಿನಿಂದ ಒತ್ತಿದರೆ ಉಸ್ ಅಂತ ಹಬೆ ಬರುತ್ತದೆ, ಒಳಗೆ ಜೇನುಗೂಡಿನ ಹಾಗೆ ತೂತು. ಆಮೇಲೆ ಮಸಾಲೆ ದೋಸೆ. ಮಠದ ನೆರಳಿನಲ್ಲಿರುವ ಇಂಥ ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿ ಬೇಕಿಲ್ಲ. ಇಲ್ಲ ಅಂತ ಗೊತ್ತೂ ಆಗುವುದಿಲ್ಲ.

ತಿಂಡಿ ಮುಗಿಸಿ ಮಧ್ವ ಸರೋವರದ ಬದಿಗೆ ನಡೆಯಿರಿ. ಸೌದೆಯನ್ನು ರಥದ ಆಕಾರದಲ್ಲಿ ಒಪ್ಪವಾಗಿ ಪೇರಿಸಿದ್ದು ಕಂಡರೆ ನಿಂತು ನೋಡಿ. ಎರಡು ವರ್ಷಕ್ಕೊಮ್ಮೆ, ಜನವರಿ 18ಕ್ಕೆ, ಪೂಜೆಯ ಜವಾಬ್ದಾರಿ ಒಂದು ಮಠದಿಂದ ಇನ್ನೊಂದಕ್ಕೆ ಹೋಗುತ್ತದೆ. ಅದೇ ಪರ್ಯಾಯ. ಹೊಸ ಮಠದವರು ಬರುವ ಮೊದಲೇ ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಅಂತ ನಾಲ್ಕು ಮುಹೂರ್ತ ಮಾಡುತ್ತಾರೆ. ಆ ಸೌದೆ ಬರುವವರಿಗೆಲ್ಲ ಅನ್ನ ಬೇಯಿಸಲು. ಗದ್ದುಗೆ ಏರುವ ತಯಾರಿ ಅಡುಗೆಮನೆಯಿಂದ ಶುರುವಾಗುವ ಊರು ಇದು.

ಹಂತ 3: ಮಧ್ಯಾಹ್ನ ಒಂದನ್ನೇ ಆರಿಸಿ

ಮಠದ ಊಟ, ಮಲ್ಪೆಯ ಮೀನೂಟ ಎರಡನ್ನೂ ಒಂದೇ ಮಧ್ಯಾಹ್ನಕ್ಕೆ ಹೊಂದಿಸಲು ಹೋಗಬೇಡಿ. ಎರಡು ದಿನ ಇಟ್ಟುಕೊಂಡು ಬನ್ನಿ.

ಉಡುಪಿ ಕೃಷ್ಣನನ್ನು ಅನ್ನಬ್ರಹ್ಮ ಅಂತ ಕರೆಯುವುದು ಸುಮ್ನೆ ಅಲ್ಲ. ಬಂದವರಿಗೆಲ್ಲ ಉಚಿತ ಊಟ. ಹನ್ನೊಂದೂವರೆ ಹೊತ್ತಿಗೆ ಅಲ್ಲಿರಿ. ಬಡಿಸುವವರ ಕೈ ಬಹಳ ಚುರುಕು, ಅನ್ನ ಬಿತ್ತು ಅನ್ನುವಷ್ಟರಲ್ಲಿ ಸಾರಿನವರು ಬಂದಿರುತ್ತಾರೆ. ಅನ್ನದ ನಡುವೆ ಮೊದಲೇ ಗುಂಡಿ ಮಾಡಿಟ್ಟುಕೊಳ್ಳಿ. ಬೇಡ ಅಂದರೆ ಕೈ ಅಡ್ಡ ಹಿಡಿಯಿರಿ, ಬಡಿಸಿಕೊಂಡದ್ದನ್ನು ಬಿಡಬೇಡಿ. ಪಾಯಸ ಬಂದಾಗ ಊಟ ಮುಗಿಯಿತು ಅಂದುಕೊಂಡು ಏಳಬೇಡಿ, ಮಜ್ಜಿಗೆ ಬಾಕಿ ಇದೆ.

ಮಲ್ಪೆಗೆ ಆರು ಕಿಲೋಮೀಟರ್ ಆಸುಪಾಸು, ಸಿಟಿ ಬಸ್ ಇದೆ. ಈ ಕಡಲಿಗೂ ಮಠಕ್ಕೂ ಹಳೆಯ ನಂಟು. ಬಿರುಗಾಳಿಗೆ ಸಿಕ್ಕಿದ ಹಡಗನ್ನು 13ನೇ ಶತಮಾನದಲ್ಲಿ ಮಧ್ವಾಚಾರ್ಯರು ಇದೇ ದಡದಿಂದ ಪಾರು ಮಾಡಿದರು, ಅದರಲ್ಲಿದ್ದ ಗೋಪೀಚಂದನದ ಗಡ್ಡೆಯೊಳಗೆ ಕೃಷ್ಣನ ಮೂರ್ತಿ ಸಿಕ್ಕಿತು ಅನ್ನುತ್ತದೆ ಐತಿಹ್ಯ.

ಮೀನೂಟದ ಹೋಟೆಲಿಗೆ ಹೋದಾಗ ಮೆನು ಕಾರ್ಡು ನೋಡಬೇಡಿ, ಬಡಿಸುವವರನ್ನು ಕೇಳಿ.

"ಅಣ್ಣಾ, ಇವತ್ತಿನದ್ದು ಯಾವುದು ಉಂಟು?"

"ಬಂಗುಡೆ ಉಂಟು, ಕಾಣೆ ಉಂಟು. ಅಂಜಲ್ ನಿನ್ನೆದ್ದು, ಅಕ್ಕ."

ಇಷ್ಟು ನೇರವಾಗಿ ಹೇಳುವ ಜಾಗ ಸಿಕ್ಕರೆ ಅಲ್ಲೇ ಕೂರಿ. ಬಂಗುಡೆ ಆದರೆ ಪುಳಿಮುಂಚಿ, ಅಂದರೆ ಹುಣಸೆಹುಳಿ, ಕೆಂಪುಮೆಣಸಿನ ಮಸಾಲೆ. ಕಾಣೆ ಆದರೆ ರವಾ ಫ್ರೈ. ಕಾಣೆಯ ನಡುಮುಳ್ಳನ್ನು ತಲೆ ಕಡೆಯಿಂದ ಮೆಲ್ಲಗೆ ಎತ್ತಿದರೆ ಪೂರ್ತಿ ಒಂದೇ ಸಲಕ್ಕೆ ಬರುತ್ತದೆ, ಮಕ್ಕಳಿಗೂ ಕೊಡಬಹುದು. ಚಿಪ್ಪಿನ ಮರುವಾಯಿ ಸುಕ್ಕ ಇದ್ದರೆ ಬಿಡಬೇಡಿ. ಅನ್ನ ಕುಚ್ಚಲಕ್ಕಿಯದ್ದೇ ಕೇಳಿ. ಮೀನು ಸಾರಿನ ಖಾರ ತಡೆಯುವ ಶಕ್ತಿ ಆ ದಪ್ಪ ಕೆಂಪು ಅಕ್ಕಿಗೆ ಇದೆ, ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯ ಅನ್ನಕ್ಕೆ ಇಲ್ಲ.

ಫ್ರೈ ಹೇಳುವ ಮೊದಲು ಬೆಲೆ ಕೇಳಿ. ದೊಡ್ಡ ಮೀನಿಗೆ ಗಾತ್ರ ನೋಡಿ ರೇಟು ಹಾಕುತ್ತಾರೆ. ಕೇಳದೆ ಒಂದು ಕಡೆ ಪಾಂಪ್ಲೆಟ್ ಮೀನು ತಿಂದು ನಾವು ಬಿಲ್ಲಿಗೆ ಬೆಚ್ಚಿಬಿದ್ದಿದ್ದೇವೆ.

ಹಂತ 4: ಸಂಜೆಗೆ ಹೊಟ್ಟೆ ಖಾಲಿ ಬಿಡಿ

ನಾಲ್ಕು ಗಂಟೆಯ ಮೇಲೆ ಗೋಳಿಬಜೆ. ಬಾಣಲೆಯ ಹತ್ತಿರ ನಿಂತು ನೋಡಿ. ಹುಳಿ ಮೊಸರಿನಲ್ಲಿ ಕಲಸಿದ ಮೈದಾ ಹಿಟ್ಟು ಅಂಟಂಟು. ಅದರಲ್ಲಿ ಶುಂಠಿ, ಹಸಿಮೆಣಸು, ತೆಂಗಿನ ಚೂರು. ಕೈ ನೀರಿಗೆ ಅದ್ದಿ, ಹೆಬ್ಬೆರಳಿನಿಂದ ತಳ್ಳಿ ಒಂದೊಂದೇ ಉಂಡೆ ಬಿಡುತ್ತಾರೆ. ಮುಳುಗಿದ ಉಂಡೆ ತೇಲಿ ಬಂದು ತಾನೇ ಮಗುಚಿಕೊಳ್ಳುತ್ತದೆ. ಬಾಣಲೆಯಿಂದ ಇಳಿದ ಹತ್ತು ನಿಮಿಷದೊಳಗೆ ತಿನ್ನಬೇಕು. ಪಾರ್ಸೆಲ್ ಮಾಡಿಸಿದರೆ ರಬ್ಬರ್ ಆಗುತ್ತದೆ.

ರಾತ್ರಿ ಉಡುಪಿಯ ಡಯಾನಾ ಹೋಟೆಲಿನಲ್ಲಿ ಗಡ್‌ಬಡ್ ಐಸ್‌ಕ್ರೀಮು. ಅದು ಹುಟ್ಟಿದ್ದೇ ಇಲ್ಲಿ ಅನ್ನುವುದು ಊರಿನ ಮಾತು. ಉದ್ದ ಗ್ಲಾಸು, ಪದರ ಪದರವಾಗಿ ಐಸ್‌ಕ್ರೀಮು, ಜೆಲ್ಲಿ, ಹಣ್ಣು, ಗೋಡಂಬಿ. ಚಮಚ ತಳಕ್ಕೆ ಇಳಿಸಿ, ಎಲ್ಲ ಪದರವೂ ಒಂದೇ ಬಾಯಿಗೆ ಬರುವ ಹಾಗೆ ಎತ್ತಿ.

ಹಂತ 5: ಚೀಲದಲ್ಲಿ ಜಾಗ ಇಟ್ಟುಕೊಳ್ಳಿ

ಮಳೆಗಾಲ ಕಳೆದ ಮೇಲೆ ಬಂದಿದ್ದರೆ ಮಟ್ಟುಗುಳ್ಳ ತೆಗೆದುಕೊಂಡು ಹೋಗಿ. ಕಟಪಾಡಿ ಹತ್ತಿರದ ಮಟ್ಟು ಗ್ರಾಮದ ಬದನೆ, 2011ರಲ್ಲಿ ಜಿಐ, ಅಂದರೆ ಆ ಊರಿನದ್ದೇ ಬೆಳೆ ಅನ್ನುವ ಭೌಗೋಳಿಕ ಗುರುತು ಸಿಕ್ಕಿದೆ. ಬೀಜ ಕೊಟ್ಟವರು ಸೋದೆ ಮಠದ ಯತಿ ವಾದಿರಾಜರು ಅಂತ ಊರವರು ನಂಬುತ್ತಾರೆ. ಬೇರೆ ಗುಳ್ಳವನ್ನು ಇದೇ ಅಂತ ಮಾರುವವರೂ ಇದ್ದಾರೆ, ಹಾಗಾಗಿ ನೋಡಿ ಕೊಳ್ಳಿ. ದುಂಡಗೆ, ತಿಳಿ ಹಸಿರು, ಮೈಮೇಲೆ ಬಿಳಿ ಗೀರು, ತೆಳು ಸಿಪ್ಪೆ. ತೊಟ್ಟು ಮುಟ್ಟಿದರೆ ಮುಳ್ಳು ಚುಚ್ಚಬೇಕು.