ಎಡಿಟ್ ರೂಮಿನಿಂದ ಸೆಟ್‌ಗೆ: ನಾನು ಕೆಲಸ ಮಾಡುವ ರೀತಿ

ಎಡಿಟರ್ ಆದವರು ನಿರ್ದೇಶನಕ್ಕೆ ಮೊದಲ ಅವಕಾಶ ಕೇಳಬೇಕಾದ್ದು ಕಥೆ ಹಿಡಿದುಕೊಂಡಲ್ಲ, ಪ್ಯಾಚ್ ವರ್ಕ್ ಪಟ್ಟಿ, ಅಂದರೆ ಆಮೇಲೆ ತೆಗೆದು ತುಂಬಬೇಕಾದ ಬಿಟ್ಟುಹೋದ ಶಾಟ್‌ಗಳ ಪಟ್ಟಿ ಹಿಡಿದುಕೊಂಡು. ಸೀರಿಯಲ್ ಇರಲಿ, ಸಿನಿಮಾ ಇರಲಿ, ರಫ್ ಕಟ್ (ಶಾಟ್‌ಗಳನ್ನು ಮೊದಲ ಸಲ ಜೋಡಿಸಿದ ಕರಡು) ಮುಗಿದ ಮೇಲೆ ಹತ್ತಿಪ್ಪತ್ತು ಶಾಟ್ ಕಡಿಮೆ ಬಿದ್ದೇ ಬಿದ್ದಿರುತ್ತವೆ: ಚಿಲಕ ತೆಗೆಯುವ ಕೈ, ಫೋನಿನ ಸ್ಕ್ರೀನ್, ಸುಮ್ಮನೆ ಕೇಳುತ್ತಾ ನಿಂತ ಒಂದು ಮುಖ. ಯಾವ ಶಾಟ್ ಎಲ್ಲಿಗೆ, ಎಷ್ಟು ಸೆಕೆಂಡ್ ಬೇಕು ಅನ್ನುವುದು ಸರಿಯಾಗಿ ಗೊತ್ತಿರುವುದು ಎಡಿಟರ್‌ಗೆ. ನಿರ್ದೇಶಕರು ಆ ಹೊತ್ತಿಗೆ ಮುಂದಿನ ಶೆಡ್ಯೂಲ್‌ನ ತಲೆನೋವಿನಲ್ಲಿರುತ್ತಾರೆ. "ಸರ್, ಅರ್ಧ ದಿನ ಕ್ಯಾಮೆರಾ ಕೊಡಿ, ನಾನೇ ತೆಕ್ಕೊಂಡು ಬರ್ತೀನಿ" ಅಂದರೆ ಬೇಡ ಅನ್ನುವವರು ಕಮ್ಮಿ. ನಾನು ಹಿಡಿದ ಕ್ರಮವೂ ಅದೇ: ಪ್ಯಾಚ್, ಆಮೇಲೆ ಪ್ರೋಮೊ, ಆಮೇಲೆ ಸಂಚಿಕೆ ನಿರ್ದೇಶನ. ಸಿನಿಮಾ ಕೊನೆಗೆ.

ಪ್ಯಾಚ್‌ಗೆ ಹೋಗುವಾಗ ಬೇಕಾದ ಪ್ರತಿ ಶಾಟ್‌ಗೂ ಎಡಿಟ್‌ನ ಟೈಮ್‌ಲೈನ್‌ನಿಂದ (ಶಾಟ್‌ಗಳನ್ನು ಜೋಡಿಸಿಟ್ಟ ಸಾಲು) ಎರಡೆರಡು ಸ್ಟಿಲ್ ಫೋನಿನಲ್ಲಿರಬೇಕು, ಹಿಂದಿನ ಶಾಟ್‌ನ ಕೊನೆಯ ಫ್ರೇಮ್ ಮತ್ತು ಮುಂದಿನದರ ಮೊದಲ ಫ್ರೇಮ್. ಲೆನ್ಸ್ ಎಷ್ಟು ಎಂಎಂ, ಕ್ಯಾಮೆರಾ ಎದೆಮಟ್ಟದಲ್ಲಿತ್ತೋ ಕಣ್ಣುಮಟ್ಟದಲ್ಲಿತ್ತೋ, ಬೆಳಕು ಯಾವ ಕಡೆಯಿಂದ ಎಂಬುದನ್ನೂ ಬರೆದುಕೊಂಡಿರಬೇಕು. ಸೀರೆ, ಕುಂಕುಮವನ್ನು ಎಲ್ಲರೂ ಗಮನಿಸುತ್ತಾರೆ. ತಪ್ಪುವುದು ಬಳೆಯ ಎಣಿಕೆ, ಗೋಡೆ ಗಡಿಯಾರ, ಉಗುರುಬಣ್ಣ. ಕಲಾವಿದೆ ಬರಲಿಲ್ಲವೆಂದು ಬೇರೆಯವರ ಕೈ ಇಟ್ಟು ಕ್ಲೋಸ್ (ಹತ್ತಿರದ ಶಾಟ್) ತೆಗೆದರೆ ಮೊದಲು ಕೈಕೊಡುವುದು ಆ ಉಗುರೇ.

ಸೀರಿಯಲ್‌ನ ಲೆಕ್ಕ ಬೇರೆ. ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಸುಮಾರು 22 ನಿಮಿಷ, ಅಂದರೆ ಏಳೆಂಟು ಸೀನ್. ದಿನಕ್ಕೊಂದು ಎಪಿಸೋಡ್ ಎತ್ತಬೇಕು. 12 ಗಂಟೆಯ ಕಾಲ್‌ಶೀಟ್‌ನಲ್ಲಿ ಮೇಕಪ್, ಊಟ, ಲೈಟಿಂಗ್ ಬದಲಾವಣೆ ಎಲ್ಲಾ ಕಳೆದರೆ ಕೈಗೆ ಸಿಗುವುದು ಒಂಬತ್ತು ಗಂಟೆ, ಒಂದು ಸೀನ್‌ಗೆ 70-75 ನಿಮಿಷ. ಇಷ್ಟರಲ್ಲಿ ಎಲ್ಲವನ್ನೂ ಎಲ್ಲಾ ಕೋನದಿಂದ ತೆಗೆಯುತ್ತೇನೆ ಅಂದರೆ ಸಂಜೆ ಮೂರು ಸೀನ್ ಬಾಕಿ ಉಳಿಯುತ್ತವೆ.

ಒಂದು ಸೀನ್ ಹಿಡಿದು ನೋಡೋಣ. ಜಗಲಿಯಲ್ಲಿ ಅಪ್ಪ ಪೇಪರ್ ಓದುತ್ತಿದ್ದಾರೆ. ಮಗ ಬಂದು ಕೆಲಸ ಬಿಟ್ಟೆ ಅನ್ನುತ್ತಾನೆ. ಅಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಾಳೆ. ಎರಡು ಪುಟ, ತೆರೆಯ ಮೇಲೆ ಎರಡೂವರೆ ನಿಮಿಷ. ಮೊದಲು ಮಾಸ್ಟರ್, ಅಂದರೆ ಎಲ್ಲರೂ ಕಾಣುವ ಒಂದೇ ಶಾಟ್‌ನಲ್ಲಿ ಸೀನ್ ಪೂರ್ತಿ. ಆಮೇಲೆ ಅಪ್ಪನ ಮೇಲೊಂದು ಸಜೆಶನ್ (ಎದುರಿನವರ ಭುಜದ ಮೇಲಿಂದ ತೆಗೆಯುವ ಶಾಟ್), ಮಗನ ಮೇಲೊಂದು. ಇಬ್ಬರ ಕ್ಲೋಸ್ ಬೇಕಾಗುವುದು "ಕೆಲಸ ಬಿಟ್ಟೆ" ಅನ್ನುವ ಮಾತಿನಿಂದ ಮುಂದಕ್ಕೆ; ಅದಕ್ಕಿಂತ ಮುಂಚಿನದನ್ನು ಕ್ಲೋಸ್‌ನಲ್ಲಿ ತೆಗೆದರೂ ಎಡಿಟ್‌ನಲ್ಲಿ ಯಾರೂ ಮುಟ್ಟುವುದಿಲ್ಲ. ಆದರೆ ಅಮ್ಮನಿಗೆ ಒಂದೂ ಮಾತಿಲ್ಲದಿದ್ದರೂ ಅವಳ ಕ್ಲೋಸ್ ಮಾತ್ರ ಸೀನ್‌ನ ಆರಂಭದಿಂದ ಕೊನೆಯವರೆಗೆ. ಕಡೆಗೆ ಪೇಪರ್ ಮಡಚುವ ಕೈ. ಒಟ್ಟು ಏಳು ಸೆಟಪ್, ಅಂದರೆ ಏಳು ಸಲ ಕ್ಯಾಮೆರಾ, ಲೈಟು ಇಡುವುದು.

ಅಮ್ಮನ ಆ ಕ್ಲೋಸ್ ಮೇಲೆ ಇಷ್ಟು ಆಸೆ ಯಾಕೆಂದರೆ, ಎಪಿಸೋಡ್ 20 ಸೆಕೆಂಡ್ ಜಾಸ್ತಿಯಾದಾಗ ಕತ್ತರಿ ಬೀಳುವುದು ಅಪ್ಪ-ಮಗನ ಮಾತಿನ ನಡುವಿಗೆ. ನಡುವಿನ ನಾಲ್ಕು ಮಾತು ಕಿತ್ತರೆ ಅಪ್ಪನ ಕೈಯಲ್ಲಿದ್ದ ಪೇಪರ್ ಇದ್ದಕ್ಕಿದ್ದಂತೆ ತೊಡೆಯ ಮೇಲಿರುತ್ತದೆ, ಜಂಪ್. ಅಲ್ಲಿ ಎರಡು ಸೆಕೆಂಡ್ ಅಮ್ಮನ ಮುಖ ಬಂದರೆ ಜಂಪ್ ಕಾಣುವುದಿಲ್ಲ. ಎರಡು ಬೇರೆ ಬೇರೆ ಟೇಕ್‌ಗಳನ್ನು ಜೋಡಿಸುವ ಬೆಸುಗೆಯೂ ಅದೇ. ಅವಳದ್ದು ಅಪ್ಪನ ಕಡೆಗೊಂದು ಲುಕ್, ಮಗನ ಕಡೆಗೊಂದು ಲುಕ್, ಒಬ್ಬರಿಂದ ಒಬ್ಬರಿಗೆ ಕಣ್ಣು ತಿರುಗಿಸುವುದೊಂದು, ಮೂರೂ ಬೇಕು. ಲುಕ್ ತಪ್ಪಿದ ಕ್ಲೋಸ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಪ್ರತಿ ಸೆಟಪ್‌ನಲ್ಲೂ ಬಿಡದೆ ಪಾಲಿಸುವ ಎರಡು ಅಭ್ಯಾಸಗಳಿವೆ. ಮುಂದಿನ ಶಾಟ್ ಶುರುಮಾಡುವಾಗ "ಒಂದು ಮಾತು ಹಿಂದಿನಿಂದ ಬನ್ನಿ" ಅನ್ನುವುದು ಒಂದು. ಮಗ ಕುಳಿತುಕೊಳ್ಳುವುದು ಮಾಸ್ಟರ್‌ನಲ್ಲೂ ಪೂರ್ತಿ, ಸಜೆಶನ್‌ನಲ್ಲೂ ಪೂರ್ತಿ ಇದ್ದರೆ ಕೂರುವ ಚಲನೆಯ ನಡುವೆ ಎಲ್ಲಿ ಬೇಕಾದರೂ ಕಟ್ ಮಾಡಬಹುದು. ಇನ್ನೊಂದು, ಕಟ್ ಹೇಳಲು ಅವಸರ ಮಾಡದಿರುವುದು. ಕೊನೆಯ ಮಾತು ಮುಗಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸುತ್ತೇನೆ. ಮಾತು ಮುಗಿದ ಕಲಾವಿದರ ಮುಖ ಎರಡನೇ ಸೆಕೆಂಡ್‌ಗೆ ಸಡಿಲವಾಗುತ್ತದೆ. ಎಷ್ಟೋ ಸಲ ಇಡೀ ಟೇಕ್‌ನಲ್ಲಿ ನಿಜವಾದದ್ದು ಅದೊಂದೇ ಇರುತ್ತದೆ. ಸೀರಿಯಲ್‌ನ ಫ್ರೀಜ್‌ಗೂ (ಸಂಚಿಕೆಯ ಕೊನೆಗೆ ಮುಖದ ಮೇಲೆ ಚಿತ್ರ ನಿಲ್ಲುವುದು) ಆ ಐದು ಸೆಕೆಂಡೇ ಗತಿ.

ಪ್ರಾಂಪ್ಟಿಂಗ್ ಇನ್ನೊಂದು ಕಾಟ. ಅಸಿಸ್ಟೆಂಟ್ ಪಕ್ಕದಲ್ಲಿ ನಿಂತು ಮಾತು ಹೇಳಿಕೊಡುತ್ತಾರೆ, ಕಲಾವಿದರು ಅದನ್ನು ಹಿಡಿದು ಹೇಳುತ್ತಾರೆ. ಡಬ್ಬಿಂಗ್ ಮಾಡುವ ಸಿನಿಮಾದಲ್ಲಿ ನಡೆಯುತ್ತದೆ. ಲೈವ್ ಸೌಂಡ್ ಇದ್ದರೆ ಪ್ರಾಂಪ್ಟರ್ ದನಿ ಕಲಾವಿದರ ಮಾತಿನ ಬಾಲದ ಮೇಲೆ ಕೂತಿರುತ್ತದೆ, ಆ ಬಾಲವನ್ನು ಬೇರ್ಪಡಿಸಲು ಆಗುವುದಿಲ್ಲ. ಹಿಂದಿನ ಮಾತು ಮುಗಿದು ಒಂದು ಉಸಿರಿನಷ್ಟು ಖಾಲಿ ಬಿಟ್ಟು ಹೇಳಿ ಎಂದು ಪ್ರಾಂಪ್ಟರ್‌ಗೆ ತಾಕೀತು ಮಾಡಿದರೆ ಆ ಖಾಲಿಯನ್ನು ಎಡಿಟ್‌ನಲ್ಲಿ ಮುಚ್ಚಬಹುದು. ಬೆಳಿಗ್ಗೆ ಎಲ್ಲಾ ಕ್ಯಾಮೆರಾ ಸೆಕೆಂಡ್‌ಗೆ 25 ಫ್ರೇಮ್‌ನಲ್ಲಿವೆಯೇ, ಶಟರ್ ಸೆಕೆಂಡಿನ 50ರಲ್ಲಿ ಒಂದು ಭಾಗಕ್ಕಿದೆಯೇ ಎಂದು ಕಣ್ಣಾರೆ ನೋಡಿಬಿಡಿ. ನಮ್ಮ ಕರೆಂಟು 50 ಹರ್ಟ್ಸ್, ಶಟರ್ ಹೊಂದದಿದ್ದರೆ ಕೆಲವು ಲೈಟುಗಳ ಕೆಳಗೆ ಚಿತ್ರ ಮಿಣುಕುತ್ತದೆ. ಮಾತಿನ ನಡುವಿನ ಖಾಲಿ ಮುಚ್ಚಲು ಪ್ರತಿ ಜಾಗದಲ್ಲೂ 30 ಸೆಕೆಂಡ್ ಬರೀ ಕೋಣೆಯ ಸದ್ದು ರೆಕಾರ್ಡ್ ಮಾಡಿಸಬೇಕು. ಯೂನಿಟ್ ಗೊಣಗುತ್ತದೆ, ಗೊಣಗಲಿ.

ಇಷ್ಟೆಲ್ಲಾ ಎಡಿಟರ್‌ನ ಬಲ. ಸೆಟ್‌ನಲ್ಲಿ ಎಡಿಟರ್ ಎಡವುವುದು ಕಲಾವಿದರ ಮುಂದೆ. ಮಾನಿಟರ್ ನೋಡುತ್ತಾ "ಮೊದಲರ್ಧ ಟೇಕ್ ಎರಡರಿಂದ, ಉಳಿದದ್ದು ನಾಲ್ಕರಿಂದ" ಎಂದು ತಲೆಯೊಳಗೇ ಜೋಡಿಸಿ ಓಕೆ ಅಂದುಬಿಡುತ್ತೇವೆ. ಕಲಾವಿದರಿಗೆ ಒಂದು ಟೇಕೂ ಪೂರ್ತಿ ಕೂತಿಲ್ಲವೆಂದು ಗೊತ್ತಿರುತ್ತದೆ, ಮುಂದಿನ ಸೀನ್‌ಗೆ ಅವರೂ ತುಂಡು ತುಂಡಾಗಿಯೇ ಕೊಡತೊಡಗುತ್ತಾರೆ. ಅದಕ್ಕೇ ಮಾಸ್ಟರ್ ಒಂದಾದರೂ ತಡೆಯಿಲ್ಲದೆ ಪೂರ್ತಿ ಆಗುವವರೆಗೆ ಕ್ಲೋಸ್‌ಗೆ ಹೋಗುವುದಿಲ್ಲ.

ಭಾಷೆಯನ್ನೂ ಬದಲಿಸಿಕೊಳ್ಳಬೇಕು. "ಇಲ್ಲಿ ಎರಡು ಸೆಕೆಂಡ್ ಗ್ಯಾಪ್ ಕೊಡಿ" ಅಂದರೆ ಕಲಾವಿದರು ಮನಸ್ಸಿನಲ್ಲಿ ಒಂದು, ಎರಡು ಎಣಿಸುತ್ತಾರೆ, ಎಣಿಸುವುದು ಕ್ಲೋಸ್‌ನಲ್ಲಿ ಕಾಣುತ್ತದೆ. "ಅಪ್ಪ ಪೇಪರ್ ಮಡಚೋವರೆಗೂ ನೀವು ಬಾಯಿ ತೆರೀಬೇಡಿ" ಅಂದರೆ ಅದೇ ಎರಡು ಸೆಕೆಂಡ್ ಸಿಗುತ್ತದೆ, ಮಗನ ಮುಖದಲ್ಲಿ ಅಳುಕೂ ಇರುತ್ತದೆ. ಅಪ್ಪನ ಪಾತ್ರಧಾರಿಗೆ "ಒಮ್ಮೆ ಮಡಚಿ, ಸರಿಯಾಗಿಲ್ಲ ಅಂತ ಮತ್ತೆ ಬಿಡಿಸಿ ಮಡಚಿ ಸರ್" ಅಂದರೆ ನಾಲ್ಕು ಸೆಕೆಂಡ್. ಲಯವನ್ನು ಫ್ರೇಮ್‌ನ ಲೆಕ್ಕದಿಂದ ಕೈಕೆಲಸದ ಲೆಕ್ಕಕ್ಕೆ ತರುವುದು ನನಗೆ ಈ ಬದಲಾವಣೆಯಲ್ಲಿ ಅತಿ ಕಷ್ಟದ ಪಾಠ. ಲೆನ್ಸು, ಲೈಟು ಆರು ತಿಂಗಳಲ್ಲಿ ಬರುತ್ತದೆ.

ನಿರ್ದೇಶಿಸಿದ್ದನ್ನು ನಾವೇ ಎಡಿಟ್ ಮಾಡಬೇಕೆ? ಹಿಂದಿ ಚಿತ್ರ ನಿರ್ದೇಶಕ ಬಿಮಲ್ ರಾಯ್ ಅವರ ಸಂಕಲನಕಾರರಾಗಿದ್ದು 1957ರಲ್ಲಿ ನಿರ್ದೇಶಕರಾದ ಹೃಷಿಕೇಶ್ ಮುಖರ್ಜಿ, ಆಮೇಲೂ ಕತ್ತರಿ ಕೆಳಗಿಡಲಿಲ್ಲ, 1965ರ ಮಲಯಾಳಂನ ಚೆಮ್ಮೀನ್ ಸಂಕಲನದಲ್ಲಿ ಅವರ ಹೆಸರಿದೆ. ಎಡಿಟರ್ ಆಗಿ ಬೆಳೆದ ಬ್ರಿಟಿಷ್ ನಿರ್ದೇಶಕ ಡೇವಿಡ್ ಲೀನ್ ತಮ್ಮ ಕೊನೆಯ ಚಿತ್ರವನ್ನು 1984ರಲ್ಲಿ ತಾವೇ ಸಂಕಲಿಸಿದರು. ಅವರ ಮಾತು ಬಿಡಿ. ನಾನು ರಫ್ ಕಟ್ ಅನ್ನು ಬೇರೆ ಎಡಿಟರ್‌ಗೆ ಕೊಡುತ್ತೇನೆ, ಅದು ಮುಗಿಯುವವರೆಗೆ ಆ ರೂಮಿಗೆ ಕಾಲಿಡುವುದಿಲ್ಲ. ಮಳೆಯಲ್ಲಿ ಮೂರು ಗಂಟೆ ಕಾದು ತೆಗೆದ ಶಾಟ್ ಎಂಬುದು ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ, ಬೇಡದಿದ್ದರೆ ತೆಗೆದೆಸೆಯುತ್ತಾರೆ. ಕಟ್ ಬಂದ ಮೇಲೆ ಮೊದಲ ಸಲ ಸೌಂಡ್ ಮ್ಯೂಟ್ ಮಾಡಿ ನೋಡುತ್ತೇನೆ, ಎರಡನೇ ಸಲ ಸೌಂಡ್ ಹಾಕಿ. ಎಲ್ಲಿ ಬೇಜಾರಾಯಿತೋ ಆ ಟೈಮ್‌ಕೋಡ್ ಮಾತ್ರ ಬರೆದು ಕಳಿಸುತ್ತೇನೆ: "04:12, ಇಲ್ಲಿ ಎಳೀತಿದೆ." ಯಾವ ಶಾಟ್ ಹಾಕಬೇಕು ಅಂತ ಬರೆಯುವುದಿಲ್ಲ.