ಬಿರುಕು ಕಾಣುವುದಿಲ್ಲ, ನದಿ ನೋಡಿ: ಪುಣೆಯಿಂದ ಕೊಯ್ನಾಕ್ಕೆ ಒಂದು ದಿನ

ಪುಣೆಯಿಂದ ಊರಿಗೆ ಹೊರಟ ಕನ್ನಡಿಗರಿಗೆ ಕರಾಡ ತಪ್ಪುವುದಿಲ್ಲ. ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು, ಎಲ್ಲಿಗೇ ಹೋಗಿ, ಅದೇ ಹೆದ್ದಾರಿ. ನಾನೂ ಹನ್ನೆರಡು ವರ್ಷ ಹಾಗೇ ದಾಟಿ ಹೋದೆ. ಕರಾಡಕ್ಕಿಂತ ಸ್ವಲ್ಪ ಮುಂಚೆ, ಉಂಬ್ರಜದಲ್ಲಿ ಬಲಕ್ಕೆ ತಿರುಗಿದರೆ ಏನಿದೆ ಎಂದು ನೆನಪಿಸಿದವರು ನಮ್ಮ ಅತ್ತೆ. “ನಸಕಿನ್ಯಾಗ ನಾಗಂದಿಗಿ ಮ್ಯಾಲಿನ ಭಾಂಡೆ ಎಲ್ಲಾ ಗಡಗಡ ಅಂದ್ವು, ನಮ್ಮವ್ವ ಬೆಕ್ಕಿಗೆ ಬೈದ್ಳು” ಎಂದರು. ಅವರು ಆಗ ಬೆಳಗಾವಿಯಲ್ಲಿದ್ದ ಸಣ್ಣ ಹುಡುಗಿ.

ಬೆಕ್ಕಿನ ತಪ್ಪೇನಿರಲಿಲ್ಲ. 1967ರ ಡಿಸೆಂಬರ್ 11ರ ನಸುಕಿನ 4 ಗಂಟೆ 21 ನಿಮಿಷಕ್ಕೆ ಕೊಯ್ನಾನಗರದ ಹತ್ತಿರ 6.3 ತೀವ್ರತೆಯ ಭೂಕಂಪವಾಗಿತ್ತು. ಸುಮಾರು 180 ಜನ ಸತ್ತರು. ವಿದ್ಯುತ್ ಕೇಂದ್ರ ನಿಂತು ಮುಂಬೈವರೆಗೂ ಕರೆಂಟು ಹೋಯಿತು. ಆ ಜಾಗವನ್ನು ಒಂದು ದಿನದಲ್ಲಿ, ಗೈಡ್ ಇಲ್ಲದೆ, ನಮ್ಮದೇ ಕಾರಿನಲ್ಲಿ ನೋಡಿ ಬರಬಹುದು. ಹೇಗೆ ಅಂತ ಹೇಳುತ್ತೇನೆ.

ಹೊರಡುವ ಹಿಂದಿನ ರಾತ್ರಿ ಮೊಬೈಲಿನಲ್ಲಿ ಉಪಗ್ರಹ ನಕ್ಷೆ ತೆಗೆಯಿರಿ. ಮಹಾಬಳೇಶ್ವರದ ಕಡೆಯಿಂದ ಬರುವ ಕೊಯ್ನಾ ನದಿಯ ಮೇಲೆ ಬೆರಳಿಡಿ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 65 ಕಿ.ಮೀ. ನೆಟ್ಟಗೆ ಇಳಿಯುತ್ತದೆ. ಹೆಳವಾಕ್ ಹತ್ತಿರ ಬಂದದ್ದೇ ತಡ, ಮೂಲೆಮಟ್ಟ ಇಟ್ಟು ಗೆರೆ ಎಳೆದ ಹಾಗೆ ಪೂರ್ವಕ್ಕೆ ತಿರುಗಿಬಿಡುತ್ತದೆ. ನದಿ ಸುಮ್ನೆ ಹೀಗೆ ತಿರುಗುವುದಿಲ್ಲ ಅಲ್ವಾ? ಬಂಡೆಯಲ್ಲಿ ಎಲ್ಲಿ ಸೀಳಿದೆಯೋ, ಎಲ್ಲಿ ದುರ್ಬಲವೋ ಅಲ್ಲಿ ನೀರಿಗೆ ದಾರಿ ಸಲೀಸು. ಈ ನೇರ ಕಣಿವೆಯನ್ನು ಹಲವು ಭೂವಿಜ್ಞಾನಿಗಳು ಓದುವುದೂ ಹಾಗೆಯೇ. ಪಠ್ಯಪುಸ್ತಕದ ‘ಸ್ತರಭಂಗ’ ಎಂದರೆ ಇಂಥ ಸೀಳು. ನಾವು ಫಾಲ್ಟ್ ಎಂದೇ ಕರೆಯೋಣ.

ಬಾಯಿ ಬಿಟ್ಟ ದೊಡ್ಡ ಕಂದಕ ನೋಡುವ ಆಸೆಯಿದ್ದರೆ ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ. 1967ರಲ್ಲಿ ಇಲ್ಲಿನ ನೆಲದಲ್ಲಿ ಸಾಲುಸಾಲು ಬಿರುಕು ಬಿಟ್ಟಿದ್ದು ನಿಜ. ಡೋಣಿಚಾವಾಡಾ ಎಂಬ ಹಳ್ಳಿಯ ಹೆಸರೇ ಆ ಫಾಲ್ಟಿಗೆ ನಿಂತಿದೆ. ಆದರೆ ಇಷ್ಟು ವರ್ಷದ ಮಳೆ, ಉಳುಮೆ ಕಳೆದ ಮೇಲೆ ಬಿರುಕು ಎಲ್ಲಿ ಉಳಿದೀತು?

ಯಾವಾಗ ಹೋಗಬೇಕು? ಅಕ್ಟೋಬರಿನಿಂದ ಫೆಬ್ರವರಿ. ನಾವು ಮೊದಲ ಸಲ ಜುಲೈಯಲ್ಲಿ ಹೋಗಿದ್ದೆವು. ಮಂಜು ಮತ್ತು ನಮ್ಮದೇ ವೈಪರ್ ಬಿಟ್ಟರೆ ಬೇರೇನೂ ಕಾಣಲಿಲ್ಲ. ಬೆಳಗಿನ ಐದಕ್ಕೆ ಹೊರಡಿ. ಬುತ್ತಿ ಕಟ್ಟಿಕೊಳ್ಳಿ. ಚಪಾತಿ, ಶೇಂಗಾ ಚಟ್ನಿ ಇದ್ದರೆ ಸಾಕು. ಉಂಬ್ರಜದಲ್ಲಿ ಹೆದ್ದಾರಿ ಬಿಟ್ಟು ಪಾಟಣ ದಾಟಿ ಕೊಯ್ನಾನಗರ. ಒಟ್ಟು 190 ಕಿ.ಮೀ. ಆಸುಪಾಸು, ನಾಲ್ಕು ತಾಸಿನ ದಾರಿ.

ಪಾಟಣದಿಂದ ಮುಂದೆ ನದಿ ಜೊತೆಗೇ ಬರುತ್ತದೆ. ಹೆಳವಾಕ್ ಬಳಿ ಅಗಲವಾದ ಜಾಗ ನೋಡಿ ಕಾರು ನಿಲ್ಲಿಸಿ, ಮೊಬೈಲಿನ ದಿಕ್ಸೂಚಿ ತೆರೆಯಿರಿ. ಚಿಪಳೂಣದ ರಸ್ತೆ ಪಶ್ಚಿಮಕ್ಕೆ ಕುಂಭಾರ್ಲಿ ಘಾಟಿನತ್ತ ಹೋಗುತ್ತದೆ. ನದಿ ಮಾತ್ರ ಉತ್ತರದಿಂದ ಇಳಿದು ಬರುತ್ತಿರುತ್ತದೆ. ರಾತ್ರಿ ಬೆರಳಿಟ್ಟ ಮೂಲೆ ಇದೇ. ನನಗೆ ಇಡೀ ಪ್ರವಾಸದಲ್ಲಿ ಮೈ ಜುಮ್ಮೆಂದದ್ದು ಇಲ್ಲಿ.

ಮುಂದಿನದು ಕೊಯ್ನಾ ಅಣೆಕಟ್ಟು. ಎತ್ತರ 103 ಮೀಟರ್. ಮೇಲೆ ಹತ್ತಲು ಹೋಗಬೇಡಿ, ಅದು ಭದ್ರತೆಯ ಪ್ರದೇಶ. ಡ್ರೋನಂತೂ ಬೇಡವೇ ಬೇಡ. ನೆಹರೂ ಉದ್ಯಾನದಿಂದಲೇ ಚೆನ್ನಾಗಿ ಕಾಣುತ್ತದೆ. 1967ರಲ್ಲಿ ಗೋಡೆಯ ಮೇಲ್ಭಾಗದಲ್ಲಿ, ಅದರ ಇಳಿಜಾರು ಬದಲಾಗುವ ಮಟ್ಟದಲ್ಲಿ, ಅಡ್ಡ ಬಿರುಕು ಬಿದ್ದಿತ್ತು. ಆಮೇಲೆ ಹಿಂದಿನಿಂದ ಕಾಂಕ್ರೀಟಿನ ಆಸರೆ ಕೊಟ್ಟು ಗಟ್ಟಿ ಮಾಡಿದರು.

ಭೂಕಂಪಕ್ಕೂ ಈ ನೀರಿಗೂ ಏನು ಸಂಬಂಧ? ಮಕ್ಕಳಿದ್ದರೆ ಇದನ್ನು ಮನೆಯಲ್ಲೇ ತೋರಿಸಿ. ಲೋಟವನ್ನು ಬಿಸಿನೀರಲ್ಲಿ ತೊಳೆದು ಒದ್ದೆ ಕಟ್ಟೆಯ ಮೇಲೆ ಬೋರಲು ಹಾಕಿ. ಒಮ್ಮೊಮ್ಮೆ ಅದು ತಾನಾಗೇ ಜಾರುತ್ತದೆ. ಒಳಗಿನ ಗಾಳಿ ಬಿಸಿಯಾಗಿ ಲೋಟವನ್ನು ಒಂಚೂರು ಎತ್ತಿ ಹಿಡಿಯುತ್ತದೆ, ತಳದ ಹಿಡಿತ ಸಡಿಲವಾಗುತ್ತದೆ. ಬಂಡೆಯ ಸೀಳಿಗೆ ಇಳಿದ ನೀರಿನ ಒತ್ತಡವೂ ಇದೇ ಕೆಲಸ ಮಾಡುತ್ತದೆ. ಮೇಲೆ ಜಲಾಶಯದ ಭಾರ ಬೇರೆ. ಭೂಮಿಯೊಳಗೆ ಮೊದಲೇ ಬಿಗಿದುಕೊಂಡಿದ್ದ ಎರಡು ಬದಿಗಳಿಗೆ ಜಾರಲು ಅಷ್ಟು ಸಾಕು. 1960ರ ದಶಕದ ಆರಂಭದಲ್ಲಿ ಜಲಾಶಯ ತುಂಬತೊಡಗಿದ ಮೇಲೆ ಇಲ್ಲಿ ಸಣ್ಣ ಕಂಪನಗಳು ಶುರುವಾದವು, ಇನ್ನೂ ನಿಂತಿಲ್ಲ. 5ಕ್ಕಿಂತ ಜಾಸ್ತಿ ತೀವ್ರತೆಯವೇ 20ಕ್ಕೂ ಹೆಚ್ಚು ಆಗಿವೆ. ಸೋಜಿಗವೆಂದರೆ ಬಹುಪಾಲು ಎಲ್ಲವೂ 30 ಕಿ.ಮೀ. ಉದ್ದ, 20 ಕಿ.ಮೀ. ಅಗಲದ ಜಾಗದೊಳಗೇ. ಅದನ್ನು ಒಳಹೊಕ್ಕು ನೋಡಲೆಂದೇ ಗೋಠಣೆ ಬಳಿ 3 ಕಿ.ಮೀ. ಆಳದ ರಂಧ್ರ ಕೊರೆದು, 2017ರಲ್ಲಿ ಮುಗಿಸಿದರು. ಸುಮಾರು 1.2 ಕಿ.ಮೀ. ಕಪ್ಪು ಕಲ್ಲು, ಅದರ ಕೆಳಗೆ ಗ್ರಾನೈಟ್.

ಊಟದ ಹೊತ್ತಿಗೆ ಒಂದು ಚಹಾದಂಗಡಿಯಲ್ಲಿ ಕೂರಿ. ಹಿರಿಯರು ಸಿಕ್ಕರೆ ಮೊದಲು ಮಳೆ, ಬೆಳೆ ಮಾತಾಡಿ. ಆಮೇಲೆ ಮೆಲ್ಲಗೆ “ಕಾಕಾ, ಭೂಕಂಪ ಝಾಲಾ ತೇವ್ಹಾ ತುಮ್ಹೀ ಕುಠೇ ಹೋತಾ?” (ಕಾಕಾ, ಭೂಕಂಪ ಆದಾಗ ನೀವು ಎಲ್ಲಿದ್ದಿರಿ?) ಎಂದು ಕೇಳಿ. ಮನೆಯವರನ್ನು ಕಳೆದುಕೊಂಡವರೂ ಇರುತ್ತಾರೆ, ಮೊಬೈಲು ಹಿಡಿದು ರೆಕಾರ್ಡ್ ಮಾಡಲು ಹೋಗಬೇಡಿ. ನಾವು ಕೂತಿದ್ದ ಅಂಗಡಿಯಲ್ಲಿ ಗಾಜಿನ ಬರಣಿಗಳ ಮುಂದೆ ಒಂದು ತಂತಿ ಅಡ್ಡ ಕಟ್ಟಿತ್ತು. ಬೆಕ್ಕಿಗಾ ಎಂದು ಕೇಳಿದೆ. ಅಂಗಡಿಯಾತ ನಕ್ಕು ಕಾಲಿನಿಂದ ನೆಲ ತಟ್ಟಿ ತೋರಿಸಿದ. ಸಣ್ಣ ಕಂಪನಕ್ಕೂ ಇಲ್ಲಿ ಮೊದಲು ದೂರದ ಲಾರಿಯಂಥ ಸದ್ದು ಬರುತ್ತದಂತೆ. ಕಂಪನಗಳು ಹೆಚ್ಚು ಆಳದಲ್ಲಿಲ್ಲ, ಅದಕ್ಕೇ ಸದ್ದು ಕಿವಿಗೆ ಬೀಳುತ್ತದೆ. ನೀವಿದ್ದಾಗಲೇ ಏನಾದರೂ ಅದುರಿದರೆ ಅಂಗಡಿಯ ಶೀಟಿನ ಕೆಳಗಿಂದ ಬಯಲಿಗೆ ಬನ್ನಿ. ಕಾರಿನಲ್ಲಿದ್ದರೆ ಗುಡ್ಡ ಕಡಿದ ಬದಿ ಬಿಟ್ಟು ನಿಲ್ಲಿಸಿ. ಎಷ್ಟು ತೀವ್ರತೆ ಎಂದು ಆಮೇಲೆ ರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರದ ‘ಭೂಕಂಪ್’ ಆ್ಯಪಿನಲ್ಲಿ ನೋಡಬಹುದು.

ಸಮಯ ಉಳಿದರೆ ಕುಂಭಾರ್ಲಿ ಘಾಟಿನ ತುದಿಯವರೆಗೆ ಹೋಗಿ ಕೊಂಕಣದ ಕಡೆ ಇಣುಕಿ ಬನ್ನಿ, ಕೆಳಗಿಳಿದರೆ ದಿನ ಮುಗಿಯುತ್ತದೆ. ತುರಳ, ರಾಜವಾಡಿಯ ಬಿಸಿನೀರಿನ ಬುಗ್ಗೆಗಳು ಚಿಪಳೂಣ–ಸಂಗಮೇಶ್ವರ ನಡುವೆ ಇವೆ, ಅವಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳಿ. ಮುಂಬೈಯವರಿಗೆ ವಜ್ರೇಶ್ವರಿಯ ಬುಗ್ಗೆಗಳೇ ಹತ್ತಿರ.

ಹಿಂದಿರುಗುವಾಗ ಉಂಬ್ರಜದ ಬದಲು ಕರಾಡದ ದಾರಿ ಹಿಡಿಯಿರಿ. ಪ್ರೀತಿಸಂಗಮದಲ್ಲಿ ಕೊಯ್ನಾ ಮತ್ತು ಕೃಷ್ಣೆ ಎದುರುಬದುರು ಬಂದು ಸೇರುತ್ತವೆ. ಅತ್ತೆ ಅಲ್ಲಿ ಮೆಟ್ಟಿಲ ಮೇಲೆ ಕೂತು ಉಳಿದ ಚಪಾತಿ ಮುಗಿಸಿದರು. “ಇದs ನೀರು ಮುಂದ ನಮ್ಮ ಕಡೆ ಬರ್ತದಲ್ಲೋ” ಎಂದರು. ಆರೂವರೆಗೆ ಎದ್ದೆವು. ಖಂಬಾಟ್ಕಿ ಘಾಟಿನಲ್ಲಿ ಲಾರಿಗಳ ಸಾಲು ಇತ್ತು, ಮನೆ ಮುಟ್ಟಿದಾಗ ಹತ್ತೂಕಾಲು.