ಒಂದೊಂದೇ ಪ್ರಯೋಗ ಹಿಡಿದು ಡೆವಲಪ್‌ಮೆಂಟಲ್ ಸೈಕಾಲಜಿ ಕಲಿತದ್ದು: ನನ್ನ ಅನುಭವ

ಡೆವಲಪ್‌ಮೆಂಟಲ್ ಸೈಕಾಲಜಿ ಅಂದರೆ ವಯಸ್ಸಿನ ಜೊತೆ ಮನಸ್ಸು ಹೇಗೆ ಬೆಳೆಯುತ್ತದೆ ಅನ್ನೋದರ ಅಧ್ಯಯನ. ಶುರುವಿನಲ್ಲಿ ನಾನು ಮಾಡಿದ್ದು ಬರೀ ಬಾಯಿಪಾಠ. ಮನಶ್ಶಾಸ್ತ್ರಜ್ಞ ಪಿಯಾಜೆ ಹೇಳಿದ ಮಕ್ಕಳ ಯೋಚನೆಯ 4 ಹಂತ, ಎರಿಕ್ಸನ್ ಹೇಳಿದ ವ್ಯಕ್ತಿತ್ವ ಬೆಳವಣಿಗೆಯ 8 ಹಂತ, ಯಾವ ವಯಸ್ಸಿಗೆ ಯಾವುದು, ಎಲ್ಲ ಬರೆದುಕೊಂಡೆ. ಎರಡೇ ವಾರಕ್ಕೆ ಎಲ್ಲ ಕಲಸಿಹೋಯಿತು. ಹೆಸರುಗಳು ಗೊತ್ತು, ಆದರೆ ಮಗು ಎದುರಿಗೆ ಕೂತರೆ ಏನನ್ನು ಗಮನಿಸಬೇಕು ಅನ್ನೋದು ಗೊತ್ತಿಲ್ಲ.

ಹಾಗಾಗಿ ಪಟ್ಟಿ ಬಿಟ್ಟು ಒಂದೊಂದೇ ಪ್ರಯೋಗ ಹಿಡಿದೆ. ಮೊದಲನೆಯದು ಪಿಯಾಜೆಯ ನೀರಿನ ಲೋಟ. ಒಂದೇ ಥರದ ಎರಡು ಲೋಟದಲ್ಲಿ ಸಮ ನೀರು ಹಾಕಿ, ಮಗು ಸಮ ಅಂತ ಒಪ್ಪಿದ ಮೇಲೆ, ಒಂದರ ನೀರನ್ನು ಎತ್ತರದ ತೆಳ್ಳನೆ ಲೋಟಕ್ಕೆ ಸುರಿದು, ಈಗ ಯಾವುದರಲ್ಲಿ ಜಾಸ್ತಿ ಇದೆ ಅಂತ ಕೇಳುವುದು. ಅಕ್ಕನ ಮಗಳಿಗೆ ಆಗ 5 ವರ್ಷ. ಒಂಚೂರೂ ಯೋಚಿಸದೆ ಎತ್ತರದ ಲೋಟ ತೋರಿಸಿದಳು. ಓದಿದ್ದು ಕಣ್ಣೆದುರೇ ನಡೆದಾಗ ಆದ ಖುಷಿ ಅಷ್ಟಿಷ್ಟಲ್ಲ.

ಲೋಟದ ಆಕಾರ ಬದಲಾದರೂ ನೀರು ಅಷ್ಟೇ ಅನ್ನೋದು ಈ ವಯಸ್ಸಿನ ಮಕ್ಕಳಿಗೆ ಇನ್ನೂ ತಿಳಿಯುವುದಿಲ್ಲ ಅಂತ ಪಿಯಾಜೆ ಹೇಳಿದ್ದು ಸರಿ ಅಂತ ಬರೆದು ಮುಗಿಸಿದ್ದೆ. ಆಮೇಲೆ 1974ರಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಡೊನಾಲ್ಡ್‌ಸನ್ ಮಾಡಿದ ಪ್ರಯೋಗ ಸಿಕ್ಕಿತು. ಅಲ್ಲಿ ಎರಡು ಸಾಲಲ್ಲಿ ಸಮವಾಗಿಟ್ಟ ಬಿಲ್ಲೆಗಳನ್ನು ದೊಡ್ಡವರು ಸರಿಸುವುದಿಲ್ಲ, ಒಂದು ತುಂಟ ಟೆಡ್ಡಿ ಬೊಂಬೆ ಬಂದು ಕೆಡಿಸುತ್ತದೆ. ಆಗ ಎರಡು ಸಾಲಲ್ಲೂ ಅಷ್ಟೇ ಬಿಲ್ಲೆ ಇವೆ ಅಂದ ಮಕ್ಕಳು, ದೊಡ್ಡವರು ಸರಿಸಿದಾಗಿಗಿಂತ ಎಷ್ಟೋ ಹೆಚ್ಚು. ದೊಡ್ಡವರು ಬೇಕಂತಲೇ ಏನನ್ನೋ ಬದಲಿಸಿ ಕೇಳಿದ್ದನ್ನೇ ಮತ್ತೆ ಕೇಳಿದರೆ, ಉತ್ತರವನ್ನೂ ಬದಲಿಸಬೇಕೇನೋ ಅಂತ ಮಗುವಿಗೆ ಅನಿಸಬಹುದು, ಅಲ್ವಾ? ನಾನೂ ಎರಡು ಸಲ ಕೇಳಿದ್ದೆ. ಅವಳಿಗೆ ಏನು ಗೊತ್ತು ಅನ್ನೋದರ ಜೊತೆಗೆ ನಾನು ಹೇಗೆ ಕೇಳಿದೆ ಅನ್ನೋದೂ ಆ ಉತ್ತರದಲ್ಲಿ ಸೇರಿತ್ತು. (ಈ ವಿವರಣೆಯನ್ನೂ ಎಲ್ಲರೂ ಒಪ್ಪುವುದಿಲ್ಲ. ಟೆಡ್ಡಿಯ ಗಲಾಟೆಯಲ್ಲಿ ಮಕ್ಕಳು ಬದಲಾವಣೆಯನ್ನು ಸರಿಯಾಗಿ ಗಮನಿಸಿರಲಿಕ್ಕಿಲ್ಲ ಅನ್ನುವವರೂ ಇದ್ದಾರೆ.)

ಅವತ್ತಿನಿಂದ ಪ್ರತಿ ಸಿದ್ಧಾಂತದ ಪಕ್ಕದಲ್ಲೇ ಅದನ್ನು ಪ್ರಶ್ನಿಸಿದ ಒಂದು ಪ್ರಯೋಗವನ್ನೂ ಓದುತ್ತೇನೆ. ಬಚ್ಚಿಟ್ಟ ಆಟಿಕೆಯನ್ನು ಮಗು ಹುಡುಕುವುದು ಸುಮಾರು 8 ತಿಂಗಳಿಗೆ ಅಂದರು ಪಿಯಾಜೆ. ಸಂಶೋಧಕಿ ಬೈಲರ್ಜಾನ್ ಮಗುವಿನ ಕೈ ಹುಡುಕುತ್ತದಾ ಅನ್ನೋದರ ಬದಲು ಅದರ ಕಣ್ಣು ಎಷ್ಟು ಹೊತ್ತು ನೋಡುತ್ತದೆ ಅನ್ನೋದನ್ನು ಗಮನಿಸಿದರು. ಬಚ್ಚಿಟ್ಟ ವಸ್ತು ಅಲ್ಲಿ ಇಲ್ಲವೇನೋ ಅನ್ನುವಂತೆ, ಸಾಧ್ಯವೇ ಇಲ್ಲದ್ದು ಆದಂತೆ ತೋರಿಸಿದಾಗ 5 ತಿಂಗಳ ಕೂಸುಗಳೂ ಅದನ್ನೇ ಹೆಚ್ಚು ಹೊತ್ತು ದಿಟ್ಟಿಸಿದವು. ಮಗು ಬೇರೆಯವರ ಜೊತೆ ಸೇರಿ ಕಲಿಯುತ್ತದೆ ಅಂದ ವೈಗೋಟ್‌ಸ್ಕಿಯನ್ನು ಇವರೆಲ್ಲರ ನಂತರ ಓದಿದ್ದು ಒಳ್ಳೆಯದಾಯಿತು, ಬೇಗ ಅರ್ಥವಾಯಿತು.

ಈಗ ತಾಯಿ ಮಗುವಿನ ಬಾಂಧವ್ಯದ ಬಗ್ಗೆ ಸಂಶೋಧನೆ ಮಾಡಿದ ಮೇರಿ ಐನ್ಸ್‌ವರ್ತ್‌ಗೆ ಬಂದಿದ್ದೇನೆ. ಅವರ ಪ್ರಯೋಗದಲ್ಲಿ ತಾಯಿ ಸ್ವಲ್ಪ ಹೊತ್ತು ಮಗುವನ್ನು ಬಿಟ್ಟು ಕೋಣೆಯಿಂದ ಹೊರಗೆ ಹೋದಾಗ ಅದು ಎಷ್ಟು ಅತ್ತಿತು ಅನ್ನೋದೇ ಮುಖ್ಯ ಅಂದುಕೊಂಡಿದ್ದೆ. ಅವರು ಅದಕ್ಕಿಂತ ಹೆಚ್ಚು ಗಮನ ಕೊಟ್ಟದ್ದು ತಾಯಿ ವಾಪಸ್ ಬಂದಾಗ ಮಗು ಏನು ಮಾಡುತ್ತದೆ ಅನ್ನೋದಕ್ಕೆ.